ಮನೆಮಂದಿಯೆಲ್ಲ ಸೇರಿ ಮಾಡಿದ ಸಿನಿಮಾ

ನಾವು ಗೃಹಿಣಿಯರು ಲೆಕ್ಕದ ಜನ. ಹಾಲಿನವನ ಲೆಕ್ಕ, ಕಿರಾಣಿ ಅಂಗಡಿಯ ಲೆಕ್ಕ, ಅಗಸನಿಗೆ ಹಾಕಿದ ಬಟ್ಟೆಯ ಲೆಕ್ಕ, ಎಲ್ಲಾ ನಮ್ಮ ತಲೆಯಲ್ಲೇ ಇರುತ್ತದೆ. ಅದಕ್ಕೇ ನಾನು ಈ ಲೇಖನವನ್ನೂ ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ.

1905ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಿನಿಮಾ ತಯಾರಾಯಿತು. ಹೆಸರು ‘ರೆಸ್ಕ್ಯೂಡ್ ಬೈ ರೋವರ್’. ಅಂದರೆ ರೋವರ್ ಎಂಬ ನಾಯಿ ಕಾಪಾಡಿದ ಕಥೆ. ಅದಕ್ಕೆ ತಗುಲಿದ ಒಟ್ಟು ಖರ್ಚು 7 ಪೌಂಡ್ 13 ಷಿಲಿಂಗ್ 9 ಪೆನ್ಸ್. ಆಗಿನ ಕಾಲದಲ್ಲಿ ಹನ್ನೆರಡು ಪೆನ್ಸಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು. ನಮ್ಮ ಅಜ್ಜಿಯರ ರೂಪಾಯಿ, ಆಣೆ, ಪೈ ಇದ್ದ ಹಾಗೆ. ಒಂದು ಸಿನಿಮಾಕ್ಕೆ ಒಂಬತ್ತು ಪೆನ್ಸಿನವರೆಗೂ ಲೆಕ್ಕ ಬರೆದಿಟ್ಟಿದ್ದಾರೆ ಅಂದರೆ ಅದು ಎಂಥ ಮನೆ ಎಂದು ನಿಮಗೇ ಗೊತ್ತಾಯಿತಲ್ಲ! ನಮ್ಮಂಥವರ ಮನೆಯೇ.

ಇಷ್ಟು ಕಡಿಮೆ ಖರ್ಚಾಗಿದ್ದು ಹೇಗೆ ಅಂತ ಕೇಳುತ್ತೀರಾ? ನಟರಲ್ಲಿ ಸಂಬಳ ಕೊಟ್ಟು ಹೊರಗಿನಿಂದ ಕರೆಸಿದ್ದು ಇಬ್ಬರನ್ನು ಮಾತ್ರ, ಸೆಬಾಸ್ಟಿಯನ್ ಸ್ಮಿತ್ ಎಂಬಾತ ಮತ್ತು ಅವನ ಹೆಂಡತಿ. ತಲೆಗೆ ಅರ್ಧ ಗಿನಿ, ಅಂದರೆ ಹತ್ತೂವರೆ ಷಿಲಿಂಗ್. ಬಂದುಹೋಗುವ ಖರ್ಚೂ ಅದರಲ್ಲೇ! ಉಳಿದವರು ಮನೆಯವರು ಮತ್ತು ಕಂಪನಿಯಲ್ಲಿ ಕೆಲಸಕ್ಕಿದ್ದವರು. ತಂದೆಯ ಪಾತ್ರದಲ್ಲಿ ಕಂಪನಿಯ ಯಜಮಾನ ಸೆಸಿಲ್ ಹೆಪ್‌ವರ್ತ್. ತಾಯಿಯ ಪಾತ್ರದಲ್ಲಿ ಅವರ ಹೆಂಡತಿ ಮಾರ್ಗರೆಟ್. ಮಗುವಿನ ಪಾತ್ರದಲ್ಲಿ ಇನ್ನೂ ವರ್ಷ ತುಂಬದ ಅವರ ಕೂಸು. ನಾಯಿಯ ಪಾತ್ರದಲ್ಲಿ ಅವರ ಮನೆಯ ನಾಯಿ ಬ್ಲೇರ್. ಕಥೆ ಬರೆದದ್ದೂ ಮಾರ್ಗರೆಟ್ಟಮ್ಮನೇ. ನಿರ್ದೇಶನ ಮಾತ್ರ ಅವರ ಕಂಪನಿಯಲ್ಲಿದ್ದ ಲೆವಿನ್ ಫಿಟ್ಜ್‌ಹ್ಯಾಮನ್ ಅವರದು.

ನನ್ನ ಮಗಳು ಮೊಬೈಲಿನಲ್ಲಿ ಇದನ್ನು ತೋರಿಸಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಆರೂವರೆ ನಿಮಿಷದ ಚಿತ್ರ. ಮಾತಿಲ್ಲ, ಅಕ್ಷರವೂ ಇಲ್ಲ. ಕಥೆ ಇಷ್ಟೇ: ಆಯಾ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗುತ್ತಾಳೆ. ಭಿಕ್ಷುಕಿಯೊಬ್ಬಳು ಕೈ ಚಾಚಿದರೆ ಕೊಡುವುದಿಲ್ಲ. ಮುಂದೆ ತನ್ನ ಸಿಪಾಯಿ ಗೆಳೆಯ ಸಿಕ್ಕಿ, ಮಾತಿನಲ್ಲಿ ಮೈಮರೆಯುತ್ತಾಳೆ. ಹಿಂದೆಯೇ ಬಂದ ಭಿಕ್ಷುಕಿ ಮಗುವನ್ನು ಎತ್ತಿಕೊಂಡು ಮಾಯ! ಆಯಾ ಮನೆಗೆ ಬಂದು ಅಳುತ್ತಾ ಹೇಳುತ್ತಾಳೆ. ತಾಯಿ ಕುಸಿಯುತ್ತಾಳೆ. ಪಕ್ಕದಲ್ಲಿದ್ದ ನಾಯಿ ಎಲ್ಲವನ್ನೂ ಕೇಳಿಸಿಕೊಂಡು ಕಿಟಕಿಯಿಂದ ಹೊರಗೆ ನೆಗೆಯುತ್ತದೆ. ಬೀದಿ ದಾಟಿ, ಮೂಲೆ ತಿರುಗಿ, ನೀರಿನಲ್ಲಿ ಈಜಿ, ಬಡವರ ಕೇರಿಗೆ ಹೋಗಿ ಒಂದೊಂದೇ ಬಾಗಿಲನ್ನು ನೂಕಿ ನೋಡುತ್ತದೆ. ಕೊನೆಗೆ ಅಟ್ಟದ ಮೇಲೆ ಮಗು ಸಿಗುತ್ತದೆ. ಭಿಕ್ಷುಕಿ ನಾಯಿಯನ್ನು ಹೊಡೆದು ಓಡಿಸುತ್ತಾಳೆ. ಅದು ಬಂದ ದಾರಿಯಲ್ಲೇ ಓಡಿ ಬಂದು ಯಜಮಾನನನ್ನು ಎಳೆದುಕೊಂಡು ಹೋಗುತ್ತದೆ. ನಾಯಿ ಈಜಿದ ಕಡೆ ಯಜಮಾನರು ದೋಣಿಯಲ್ಲಿ ದಾಟುತ್ತಾರೆ. ಮಗು ತಾಯಿಯ ಮಡಿಲು ಸೇರುತ್ತದೆ.

ಇದರಲ್ಲೇನು ಮಹಾ ಅನ್ನಬೇಡಿ. ಸಿನಿಮಾ ಹುಟ್ಟಿ ಇನ್ನೂ ಹತ್ತು ವರ್ಷವಾಗಿತ್ತು. ಬೇರೆ ಬೇರೆ ಜಾಗದಲ್ಲಿ ತೆಗೆದ ತುಣುಕುಗಳನ್ನು ಜೋಡಿಸಿ, ಒಂದೇ ಓಟ ಅನ್ನಿಸುವ ಹಾಗೆ ಕಥೆ ಹೇಳುವುದು ಆಗಿನ್ನೂ ಹೊಸ ವಿದ್ಯೆ. ಹೋಗುವಾಗ ನಾಯಿ ಯಾವ ಯಾವ ಜಾಗ ದಾಟಿತೋ, ಬರುವಾಗ ಅದೇ ಜಾಗಗಳು ಹಿಂದುಮುಂದಾಗಿ ಬರುತ್ತವೆ. ನೋಡುವವರಿಗೆ ಎಲ್ಲೂ ಗೊಂದಲವಿಲ್ಲ. ಇವತ್ತಿಗೂ ಸಿನಿಮಾ ಕಲಿಯುವ ಮಕ್ಕಳಿಗೆ ಈ ಚಿತ್ರವನ್ನು ತೋರಿಸಿ ಪಾಠ ಹೇಳುತ್ತಾರೆ. ಜನ ಎಷ್ಟು ಮೆಚ್ಚಿಕೊಂಡರೆಂದರೆ 395 ಪ್ರಿಂಟುಗಳು ಮಾರಾಟವಾದವು. ಪ್ರಿಂಟು ತೆಗೆದು ತೆಗೆದು ಮೂಲ ನೆಗೆಟಿವ್ವೇ ಸವೆದುಹೋಗಿ, ಇಡೀ ಚಿತ್ರವನ್ನು ಇನ್ನೆರಡು ಸಲ ಹೊಸದಾಗಿ ತೆಗೆಯಬೇಕಾಯಿತಂತೆ!

ಈಗ ಈ ಹೆಪ್‌ವರ್ತ್ ಯಾರು ಅಂತ ಹೇಳುತ್ತೇನೆ. ಹುಟ್ಟಿದ್ದು 1874ರಲ್ಲಿ, ಲಂಡನ್ನಿನಲ್ಲಿ. ತಂದೆ ಮ್ಯಾಜಿಕ್ ಲ್ಯಾಂಟರ್ನ್ ಎಂಬ ದೀಪದ ಪೆಟ್ಟಿಗೆಯಿಂದ ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ಬಿಟ್ಟು ಭಾಷಣ ಮಾಡುತ್ತಿದ್ದವರು. ಮಗ ಅಪ್ಪನ ಹಿಂದೆ ಊರೂರು ಸುತ್ತಿ ಬೆಳೆದ. ಸಿನಿಮಾ ಬಂದಾಗ ಅವನಿಗೆ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸು. 1897ರಲ್ಲೇ ಈ ಹೊಸ ವಿದ್ಯೆಯ ಅಆಇಈ ಕಲಿಸುವ ಪುಸ್ತಕ ಬರೆದ. 1899ರ ಸುಮಾರಿಗೆ ಥೇಮ್ಸ್ ನದಿಯ ದಂಡೆಯ ವಾಲ್ಟನ್ ಎಂಬ ಚಿಕ್ಕ ಊರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ಚಿಕ್ಕಪ್ಪ–ದೊಡ್ಡಪ್ಪನ ಮಕ್ಕಳ ಸಂಬಂಧದವನೊಬ್ಬನ ಜೊತೆ ಕಂಪನಿ ಶುರು ಮಾಡಿದ. ಮನೆಯ ಕೋಣೆಗಳೇ ಫಿಲ್ಮು ತೊಳೆದು ಒಣಗಿಸುವ ಕಾರ್ಖಾನೆ. ಹಿತ್ತಲಿನ ಮರದ ಹಲಗೆಯ ಕಟ್ಟೆಯೇ ಸ್ಟುಡಿಯೋ. ಬಿಸಿಲು ಬಂದರೆ ಶೂಟಿಂಗು, ಮೋಡ ಬಂದರೆ ರಜ!

1901ರಲ್ಲಿ ವಿಕ್ಟೋರಿಯಾ ರಾಣಿಯ ಶವಯಾತ್ರೆಯನ್ನೂ ಅವರು ಸೆರೆಹಿಡಿದರು. ಆಗಿನ ಕ್ಯಾಮೆರಾ ರುಬ್ಬುಗಲ್ಲಿನ ಹಾಗೆ ಗರಗರ ಸದ್ದು ಮಾಡುತ್ತಿತ್ತು. ಅಷ್ಟು ಮೌನದ ನಡುವೆ ಆ ಸದ್ದು ಕೇಳಿ ಹೊಸ ದೊರೆ ಎಡ್ವರ್ಡ್ ಕುದುರೆಯನ್ನು ನಿಲ್ಲಿಸಿದನೆಂದು ಹೆಪ್‌ವರ್ತ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇವರಿಗೆ ಆ ಹೊತ್ತಿನಲ್ಲಿ ಎದೆ ಎಷ್ಟು ಹೊಡೆದುಕೊಂಡಿರಬೇಕು, ಯೋಚಿಸಿ!

1903ರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ತೆಗೆದರು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಅದೇ ಆಲಿಸ್ ಕಥೆ. ಪರ್ಸಿ ಸ್ಟೋ ಎಂಬುವರ ಜೊತೆ ಸೇರಿ ಹೆಪ್‌ವರ್ತ್ ನಿರ್ದೇಶನ ಮಾಡಿದರು. ಸುಮಾರು ಹನ್ನೆರಡು ನಿಮಿಷದ ಚಿತ್ರ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ತಯಾರಾದವುಗಳಲ್ಲಿ ಅದೇ ಉದ್ದದ್ದು. ಅದರಲ್ಲಿ ಯಜಮಾನರದು ಕಪ್ಪೆಮುಖದ ಸೇವಕನ ಪಾತ್ರ! ಹೆಂಡತಿ ಬಿಳಿ ಮೊಲವೂ ಹೌದು, ರಾಣಿಯೂ ಹೌದು. ಮನೆಯ ಬೆಕ್ಕು ಬೆಕ್ಕಾಯಿತು, ಬ್ಲೇರ್ ನಾಯಿಯಾಯಿತು. ಆಲಿಸ್ ಆದವಳು ಮೇ ಕ್ಲಾರ್ಕ್. ಅವಳು ಕಂಪನಿಯಲ್ಲಿ ಫಿಲ್ಮಿನ ಕೆಲಸ ಮಾಡುತ್ತಿದ್ದ ಹುಡುಗಿ. ಎರಡು ವರ್ಷದ ಮೇಲೆ ರೋವರ್ ಚಿತ್ರದ ಆಯಾ ಕೂಡ ಅವಳೇ. ನಮ್ಮ ಮನೆಗಳಲ್ಲಿ ಹಬ್ಬ ಬಂದರೆ ಒಬ್ಬೊಬ್ಬರು ನಾಲ್ಕು ಕೆಲಸ ಮಾಡುವುದಿಲ್ಲವೇ, ಹಾಗೆ.

ಇಲ್ಲಿಗೆ ನಿಲ್ಲಿಸಿ, ನಮ್ಮ ದೇಶಕ್ಕೆ ಬರುತ್ತೇನೆ. ಏಕೆಂದರೆ ಹೆಪ್‌ವರ್ತರ ಸ್ಟುಡಿಯೋಕ್ಕೆ 1912ರಲ್ಲಿ ಭಾರತದಿಂದ ಒಬ್ಬರು ಹೋಗಿದ್ದರು. ಮನೆಯ ವಿಮಾ ಪಾಲಿಸಿಗಳ ಮೇಲೆ ಸಾಲ ಎತ್ತಿ, ಹಡಗು ಹತ್ತಿ, ಗುರುತು ಪರಿಚಯ ಇಲ್ಲದ ಲಂಡನ್ನಿನಲ್ಲಿ ಇಳಿದವರು. ಅಲ್ಲಿನ ಸಿನಿಮಾ ಪತ್ರಿಕೆಯ ಸಂಪಾದಕರೊಬ್ಬರು ಅವರನ್ನು ಹೆಪ್‌ವರ್ತರ ಬಳಿ ಕಳಿಸಿದರು. ಹೆಪ್‌ವರ್ತರು ಬಾಗಿಲು ಮುಚ್ಚಲಿಲ್ಲ. ತಮ್ಮ ಸ್ಟುಡಿಯೋದ ಎಲ್ಲ ವಿಭಾಗಗಳನ್ನೂ ತೋರಿಸಿ, ಕೆಲಸ ಹೇಗೆ ನಡೆಯುತ್ತದೆ ಎಂದು ವಿವರಿಸಿ ಕಳಿಸಿದರು. ಆ ಅತಿಥಿ ಯಾರು ಗೊತ್ತೇ? ದಾದಾಸಾಹೇಬ್ ಫಾಲ್ಕೆ! ನಮ್ಮ ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿಗೆ ಬಂದ ಪ್ರಶಸ್ತಿ ಇದೆಯಲ್ಲ, ಅದು ಇವರ ಹೆಸರಿನದೇ.

ಫಾಲ್ಕೆ ಬೊಂಬಾಯಿಗೆ ಮರಳಿ ‘ರಾಜಾ ಹರಿಶ್ಚಂದ್ರ’ ತೆಗೆದರು. 1913ರ ಮೇ 3ರಂದು ಅದು ಬಿಡುಗಡೆಯಾಯಿತು. ಅಲ್ಲೂ ಮನೆಯೇ ಸ್ಟುಡಿಯೋ. ರೋಹಿತಾಶ್ವನಾದವನು ಅವರ ಮಗ ಭಾಲಚಂದ್ರ. 1919ರ ‘ಕಾಳಿಯ ಮರ್ದನ’ದಲ್ಲಿ ಬಾಲಕೃಷ್ಣನಾದವಳು ಮಗಳು ಮಂದಾಕಿನಿ. ಹೆಂಡತಿ ಸರಸ್ವತಿಬಾಯಿ? ಒಡವೆ ಬಿಚ್ಚಿ ಕೊಟ್ಟವರು ಅವರು. ಫಿಲ್ಮಿನ ಅಂಚಿಗೆ ತೂತು ಹಾಕುವುದನ್ನೂ, ರಾಸಾಯನಿಕ ಬೆರೆಸಿ ಫಿಲ್ಮು ತೊಳೆಯುವುದನ್ನೂ ಕಲಿತವರು ಅವರು. ಬಿಸಿಲಿನಲ್ಲಿ ಬಿಳಿ ಬಟ್ಟೆ ಹಿಡಿದು ನಿಂತು ನಟರ ಮುಖಕ್ಕೆ ಬೆಳಕು ಬಿಟ್ಟವರೂ ಅವರೇ. ಇದೆಲ್ಲದರ ಜೊತೆಗೆ ಇಡೀ ತಂಡಕ್ಕೆ ಅಡುಗೆ! ಅಲ್ಲಿ ಮಾರ್ಗರೆಟ್, ಇಲ್ಲಿ ಸರಸ್ವತಿಬಾಯಿ. ಪ್ರಶಸ್ತಿ ಇರುವುದು, ರಸ್ತೆ ಇರುವುದು ಗಂಡಂದಿರ ಹೆಸರಿನಲ್ಲಿ. ವಾಲ್ಟನ್ನಿನಲ್ಲಿ ಹೆಪ್‌ವರ್ತ್ ವೇ ಅಂತ ರಸ್ತೆಯೇ ಇದೆ. ನಾನು ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಲೆಕ್ಕ ಸರಿಯಾಗಿರಲಿ ಅಂತ ಹೇಳುತ್ತಿದ್ದೇನೆ, ಅಷ್ಟೆ.

ಈ ಮಾತು ನನಗೆ ಇಷ್ಟು ತಾಗುವುದಕ್ಕೆ ಕಾರಣವಿದೆ. ನಾನು ಮದುವೆಯಾಗಿ ಬಂದದ್ದು ತಿಪಟೂರಿನ ಒಂದು ಫೋಟೋ ಸ್ಟುಡಿಯೋದ ಮನೆಗೆ. ಬೋರ್ಡಿನ ಮೇಲೆ ಮಾವನವರ ಹೆಸರು. ಆದರೆ ಬಚ್ಚಲುಮನೆಯ ಪಕ್ಕದ ಡಾರ್ಕ್ ರೂಮಿನ ಒಡತಿ ಅತ್ತೆಯವರು. ರಾತ್ರಿ ಎಲ್ಲರ ಊಟ ಮುಗಿದು, ಪಾತ್ರೆ ಬೋರಲು ಹಾಕಿದ ಮೇಲೆ, ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಾಕಿಕೊಂಡು ಒಳಗೆ ಹೋದರೆಂದರೆ ಹನ್ನೆರಡರವರೆಗೆ ಹೊರಗೆ ಬರುತ್ತಿರಲಿಲ್ಲ. ಡೆವಲಪರಿನಿಂದ ಅವರ ಉಗುರುಗಳು ಸದಾ ಕಂದು. ಹುಣಿಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆ ಹೆಣ್ಣಿನ ಮುಖದ ಕಲೆ ಕಾಣದ ಹಾಗೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದುತ್ತಿದ್ದವರೂ ಅವರೇ. ಪ್ರತಿ ನೆಗೆಟಿವ್ವನ್ನೂ ಕಾಗದದ ಕವರಿಗೆ ಹಾಕಿ, ನಂಬರು ಹಚ್ಚಿ, ದಪ್ಪ ರಿಜಿಸ್ಟರಿನಲ್ಲಿ ತಾರೀಖು, ಹೆಸರು, ಬೀದಿ ಬರೆದಿಡುತ್ತಿದ್ದರು. “ಯಾಕತ್ತೆ ಇಷ್ಟು ಕಷ್ಟ ಪಡ್ತೀರಿ?” ಅಂದರೆ, “ನಾಳೆ ಯಾರಾದ್ರೂ ಕೇಳ್ಕೊಂಡ್ ಬಂದ್ರೆ ಇಲ್ಲ ಅನ್ಬಾರ್ದಮ್ಮ” ಅನ್ನುತ್ತಿದ್ದರು.

ಅತ್ತೆ, ಮಾವ ಇಬ್ಬರೂ ಹೋದರು. ಡಿಜಿಟಲ್ ಬಂತು. ಡಾರ್ಕ್ ರೂಮಿನಲ್ಲಿ ತೆಂಗಿನಕಾಯಿ ತುಂಬಿಟ್ಟೆವು. ಆದರೆ ನೆಗೆಟಿವ್ ಡಬ್ಬಗಳು ಮಾತ್ರ ಅಟ್ಟದ ಮೇಲೆ ಹಾಗೇ ಇದ್ದವು. ಹೋದ ವರ್ಷ ಹಳೇ ಎಕ್ಸ್‌ರೇ ಫಿಲ್ಮು ಕೊಳ್ಳುವವನೊಬ್ಬ ಬಂದ. ಅದರಲ್ಲಿರುವ ಬೆಳ್ಳಿಯ ಅಂಶ ತೆಗೆಯುತ್ತಾರಂತೆ. ಫೋಟೋದ ನೆಗೆಟಿವ್ವನ್ನೂ ತೂಕಕ್ಕೆ ತೆಗೆದುಕೊಳ್ಳುತ್ತೇನೆ ಅಂದ. ನಮ್ಮವರು, “ಹೋಗ್ಲಿ ಬಿಡೇ, ಜಿರಲೆ ಗೂಡಾಗಿದೆ, ಜಾಗವಾದ್ರೂ ಆಗುತ್ತೆ” ಅಂದರು. ಅವರದೂ ಸುಳ್ಳಲ್ಲ. ಮಗಳ ಓದಿಗೆ ಒಂದು ಕೋಣೆ ಬೇಕಿತ್ತು, ದುಡ್ಡಿನ ಮುಗ್ಗಟ್ಟೂ ಇತ್ತು. “ಒಂದು ತಿಂಗಳು ತಡೀರೀ” ಅಂದೆ. ಗಟ್ಟಿಯಾಗಿಯೇ ಅಂದೆ.

ನಾನು ಹಾಗೆ ಅನ್ನುವುದಕ್ಕೆ ಹೆಪ್‌ವರ್ತರ ಕೊನೆಯ ಕಥೆಯೇ ಧೈರ್ಯ ಕೊಟ್ಟದ್ದು. ಅದನ್ನೂ ಕೇಳಿ.

ಅವರ ಕಂಪನಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1907ರಲ್ಲಿ ಸ್ಟುಡಿಯೋಕ್ಕೆ ಬೆಂಕಿ ಬಿತ್ತು. ಆಗಿನ ಫಿಲ್ಮು ಸೀಮೆಎಣ್ಣೆಯ ಬಟ್ಟೆಯಂತೆ ಹತ್ತಿಕೊಳ್ಳುವ ವಸ್ತು. ಆದರೂ ಎದ್ದು ನಿಂತರು. ಆಲ್ಮಾ ಟೇಲರ್, ಕ್ರಿಸ್ಸಿ ವೈಟ್ ಎಂಬ ಹುಡುಗಿಯರು ಅವರ ಕಂಪನಿಯಲ್ಲೇ ಬೆಳೆದು ಹೆಸರಾಂತ ತಾರೆಯರಾದರು. ಆದರೆ ಮೊದಲ ಮಹಾಯುದ್ಧದ ನಂತರ ಅಮೆರಿಕದ ಚಿತ್ರಗಳು ನೀರಿನಂತೆ ಹರಿದುಬಂದವು. ಅವುಗಳ ಓಟವೇ ಬೇರೆ. ಹೆಪ್‌ವರ್ತರಿಗೆ ದೃಶ್ಯದಿಂದ ದೃಶ್ಯಕ್ಕೆ ತಟ್ಟನೆ ಹಾರುವುದು ಹಿಡಿಸದು. ಒಂದು ಮೆಲ್ಲಗೆ ಕತ್ತಲಾಗಿ, ಇನ್ನೊಂದು ಮೆಲ್ಲಗೆ ಬೆಳಕಾಗಬೇಕು. ನಾಯಿಯನ್ನು ಅಷ್ಟು ಚುರುಕಾಗಿ ಓಡಿಸಿದ ಕಂಪನಿಯ ಚಿತ್ರಗಳೇ ನಿಧಾನ ಅನ್ನಿಸತೊಡಗಿದವು. ದೊಡ್ಡ ಸ್ಟುಡಿಯೋ ಕಟ್ಟಲು ಜನರಿಂದ ಷೇರು ಹಣ ಎತ್ತಲು ಹೋದರೆ ಸಾಕಷ್ಟು ಬರಲಿಲ್ಲ. ತಾವು 1916ರಲ್ಲಿ ಒಮ್ಮೆ ತೆಗೆದಿದ್ದ ‘ಕಮಿನ್ ಥ್ರೂ ದ ರೈ’ ಕಥೆಯನ್ನು 1923ರಲ್ಲಿ ಮತ್ತೆ ಮನಸ್ಸಿಟ್ಟು ತೆಗೆದರು. ಕಂಪನಿ ಉಳಿಯಲಿಲ್ಲ. 1924ರಲ್ಲಿ ದಿವಾಳಿ.

ದಿವಾಳಿಯಾದರೆ ಮನೆ ಹೋಗುತ್ತದೆ, ಸಾಮಾನು ಹೋಗುತ್ತದೆ, ಅದು ನಮಗೂ ಗೊತ್ತು. ಅವರದು ಹೋದದ್ದು ಅಷ್ಟೇ ಅಲ್ಲ. ಇಪ್ಪತ್ತೈದು ವರ್ಷ ತೆಗೆದ ಚಿತ್ರಗಳ ನೆಗೆಟಿವ್‌ಗಳೆಲ್ಲ ಸಾಲಗಾರರ ಪರವಾಗಿ ಬಂದವರ ಕೈ ಸೇರಿ, ಕರಗಿಸಿ ಮಾರುವ ಕಚ್ಚಾ ಸರಕಾದವು. ಒಂದು ಜನ್ಮದ ದುಡಿಮೆ ಹಂಡೆಯಲ್ಲಿ ಕರಗಿತು!

ಆಮೇಲೂ ಅವರು ಬದುಕಿದರು. ಬೇರೆಯವರ ಚಿತ್ರಗಳಿಗೆ ಜಾಹೀರಾತಿನ ತುಣುಕು ತಯಾರಿಸುವ ಕೆಲಸ ಹಿಡಿದರು. ಒಂದು ಕಾಲದ ಯಜಮಾನ ಇನ್ನೊಬ್ಬರ ಕೈಕೆಳಗೆ ದುಡಿದರೂ ಮುಖ ಸಿಂಡರಿಸಲಿಲ್ಲ. 1951ರಲ್ಲಿ ‘ಕೇಮ್ ದ ಡಾನ್’ ಎಂಬ ಆತ್ಮಕಥೆ ಬರೆದು, 1953ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಿಂದ ಕಲಿತು ಹೋದ ಫಾಲ್ಕೆಯವರೂ 1944ರಲ್ಲಿ ನಾಸಿಕದಲ್ಲಿ ಯಾರೂ ವಿಚಾರಿಸದ ಸ್ಥಿತಿಯಲ್ಲೇ ಹೋದವರು.

ಹಾಗಾದರೆ ರೋವರ್ ಉಳಿದದ್ದು ಹೇಗೆ? 395 ಪ್ರಿಂಟುಗಳು ಊರೂರಿಗೆ ಹಂಚಿಹೋಗಿದ್ದವಲ್ಲ, ಅದರಿಂದ! ಒಂದೇ ಬೀರುವಿನಲ್ಲಿದ್ದದ್ದು ಹೋಯಿತು. ಹತ್ತು ಮನೆಗೆ ಹೋದದ್ದು ಉಳಿಯಿತು. ಆಲಿಸ್ ಚಿತ್ರದ ಒಂದು ಪ್ರತಿ ಕೂಡ ಬಹಳ ಜಖಂ ಆಗಿ ಸಿಕ್ಕಿ, ಹನ್ನೆರಡರಲ್ಲಿ ಎಂಟು ನಿಮಿಷದಷ್ಟು ಉಳಿದು, 2010ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ಅದನ್ನು ದುರಸ್ತಿ ಮಾಡಿ ಎಲ್ಲರಿಗೂ ತೋರಿಸಿದರು. 1920ರ ‘ಹೆಲೆನ್ ಆಫ್ ಫೋರ್ ಗೇಟ್ಸ್’ ಇನ್ನಿಲ್ಲವೆಂದೇ ತಿಳಿದಿದ್ದರು. ಅದು ಎಷ್ಟೋ ವರ್ಷಗಳ ಮೇಲೆ ಕೆನಡಾದಲ್ಲಿ ಸಿಕ್ಕಿತು.

ಇದನ್ನೆಲ್ಲ ಓದಿದ್ದ ನಾನು ಆ ಒಂದು ತಿಂಗಳಿನಲ್ಲಿ ಡಬ್ಬಗಳನ್ನು ಇಳಿಸಿದೆ. ಸುಮಾರು ಕಾಲು ಭಾಗ ಬೂಸ್ಟು ಹಿಡಿದು ಅಂಟಿಕೊಂಡಿತ್ತು, ಅದನ್ನು ಕೊಟ್ಟುಬಿಟ್ಟೆವು. ಉಳಿದವನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿ, ಗುರುತಿದ್ದವರಿಗೆಲ್ಲ ಹೇಳಿ ಕಳಿಸಿದೆವು. ಕೆಲವರು ನಕ್ಕರು. ಕೆಲವರು ಬಂದರು. ಒಂದು ದಿನ ನಮ್ಮ ಬೀದಿಗೆ ಹೂವು ತರುವಾಕೆ ಬುಟ್ಟಿ ಇಳಿಸಿ, “ಅಕ್ಕಾ, ನಮ್ಮವ್ವಂದು ಏನಾರ ಐತಾ?” ಅಂದಳು. ಅವಳ ತಾಯಿ ಸತ್ತಾಗ ಇವಳಿಗೆ ಐದು ವರ್ಷ. ಮುಖವೇ ನೆನಪಿಲ್ಲವಂತೆ, ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಅವಳ ಅಪ್ಪನ ಹೆಸರು ಹುಡುಕಿದೆ, ಸಿಗಲಿಲ್ಲ. ಆಮೇಲೆ ಬೀದಿ ಹಿಡಿದು ಹುಡುಕಿದೆ. ಅತ್ತೆಯವರು ಹೆಂಗಸರನ್ನು ಅವರವರ ಹೆಸರಿನಲ್ಲೇ ಬರೆದಿದ್ದರು! ಸಾಲದ ಅರ್ಜಿಗೆ ತೆಗೆಸಿದ್ದ ಒಂದು ಪಾಸ್‌ಪೋರ್ಟ್ ಸೈಜಿನ ನೆಗೆಟಿವ್ ಸಿಕ್ಕಿತು. ನಮ್ಮವರು ಅದನ್ನು ಕಂಪ್ಯೂಟರಿಗೆ ಹಾಕಿ, ದೊಡ್ಡದು ಮಾಡಿ ಪ್ರಿಂಟು ತೆಗೆದರು. ಅವಳು ಬಹಳ ಹೊತ್ತು ನೋಡಿ, “ನನ್ ಮೂಗು ಇವಳ್ದೇಯಾ” ಅಂದಳು. ನಮ್ಮವರು ದುಡ್ಡು ಕೇಳಲಿಲ್ಲ. ಗುಜರಿಯ ಮಾತನ್ನೂ ಆಮೇಲೆ ಎತ್ತಲಿಲ್ಲ. ಮಗಳಿಗೆ ಡಾರ್ಕ್ ರೂಮನ್ನೇ ಸುಣ್ಣ ಬಳಿಸಿ ಓದುವ ಕೋಣೆ ಮಾಡಿಕೊಟ್ಟೆವು. ತೆಂಗಿನಕಾಯಿ ಜಗಲಿಗೆ ಬಂದವು.

ಅತ್ತೆಯವರ ಆ ರಿಜಿಸ್ಟರ್ ಇಲ್ಲದಿದ್ದರೆ ಸಾವಿರಾರು ಮುಖಗಳಲ್ಲಿ ಆ ಮುಖ ಯಾರದೆಂದು ಯಾರಿಗೆ ಗೊತ್ತಾಗುತ್ತಿತ್ತು, ಹೇಳಿ? ತೆಗೆಯುವುದು ಒಂದು ವಿದ್ಯೆ. ಕಾಪಾಡಿ ಇಡುವುದೂ ಅಷ್ಟೇ ದೊಡ್ಡ ವಿದ್ಯೆ. ಉಪ್ಪಿನಕಾಯಿ ಹಾಕುವ ನಮಗೆ ಇದನ್ನು ಬೇರೆ ಹೇಳಬೇಕೇ?

ನಿಮ್ಮ ಮನೆಯಲ್ಲೂ ಹಳೆಯ ಫೋಟೋಗಳು, ನೆಗೆಟಿವ್‌ಗಳು ಟ್ರಂಕಿನ ತಳದಲ್ಲಿ ಇದ್ದೇ ಇರುತ್ತವೆ. ಅವುಗಳಿಗೆ ಇಷ್ಟು ಮಾಡಿ. ಅಡುಗೆಮನೆ, ಬಚ್ಚಲುಮನೆಯ ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಹೆಂಚಿನ ಕೆಳಗಿನ ಅಟ್ಟವೂ ಬೇಡ, ಬೇಸಿಗೆಯಲ್ಲಿ ಕಾದ ಕಾವಲಿಯಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಬದಲು ಒಂದೊಂದನ್ನೂ ಕಾಗದದ ಕವರಿನಲ್ಲಿಟ್ಟು, ಗಾಳಿಯಾಡುವ ಒಣ ಜಾಗದಲ್ಲಿಡಿ. ಕೈ ತೊಳೆದು ಒರೆಸಿಕೊಂಡು, ಅಂಚು ಹಿಡಿದು ಎತ್ತಿ. ಕಲೆ ಹೋಗಲೆಂದು ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ. ಮಕ್ಕಳಿಗೆ ಹೇಳಿ ಮೊಬೈಲಿನಲ್ಲಿ ಒಂದೊಂದು ಪ್ರತಿ ತೆಗೆಸಿ, ಅಕ್ಕ–ತಂಗಿಯರಿಗೆಲ್ಲ ಕಳಿಸಿ. ಒಂದು ಮನೆಯದು ಹಾಳಾದರೆ ಇನ್ನೊಂದು ಮನೆಯದು ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು. ಮನೆಯಲ್ಲಿ ಹಿರಿಯರು ಇರುವಾಗಲೇ ಒಂದು ಭಾನುವಾರ ಮಧ್ಯಾಹ್ನ ಅವರನ್ನು ಕೂರಿಸಿಕೊಂಡು, ಯಾರು ಯಾರೆಂದು ಕೇಳಿ, ಫೋಟೋದ ಹಿಂದೆ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿ. ಬರೆಯುವಾಗ ‘ರಾಯರ ಹೆಂಡತಿ’, ‘ಗೌಡರ ಸೊಸೆ’ ಅಂತ ಬರೆದು ಬಿಡಬೇಡಿ. ಆಕೆಗೆ ಅವಳದೇ ಒಂದು ಹೆಸರಿತ್ತು. ಅದನ್ನು ಬರೆಯಿರಿ.